ಆರರ ಬಾಲ

ಇಪ್ಪತ್ತೆರಡು ವರ್ಷದಿಂದ ನಾಲ್ಕನೇ ಕ್ಲಾಸಿಗೆ ಲೆಕ್ಕ ಹೇಳಿಕೊಡುತ್ತಿದ್ದ ಟೀಚರೊಬ್ಬರನ್ನು ಸುತ್ತಲಿನ ಶಾಲೆಯವರೆಲ್ಲ ‘ಹಾಳೆ ಟೀಚರ್’ ಎಂದೇ ಕರೆಯುತ್ತಿದ್ದರು. ಕೈಯಲ್ಲಿ ಬರೆದ ಲೆಕ್ಕದ ಹಾಳೆಗಳನ್ನು ಕೇಳಿದವರಿಗೂ ಕೇಳದವರಿಗೂ ಕೊಡುವುದು ಅವರ ಚಟ. ‘ಮುತ್ತು ಪೋಣಿಸಿದ ಹಾಗಿದೆ ಅಕ್ಷರ’ ಎಂದು ಯಾರಾದರೂ ಹೊಗಳಿದರೆ ಇನ್ನೆರಡು ಹಾಳೆ ಹೆಚ್ಚಿಗೆ. ಹೆಸರು ಮಾತ್ರ ಹಾಕುತ್ತಿರಲಿಲ್ಲ. ‘ಲೆಕ್ಕ ಏನು ನಮ್ಮಪ್ಪನ ಮನೆ ಆಸ್ತೀನಾ?’ ಎನ್ನುತ್ತಿದ್ದರು.

ಹೋದ ವರ್ಷ ಮೇಷ್ಟ್ರುಗಳ ಮೊಬೈಲ್ ಗುಂಪಿಗೆ ಒಂದು ಹಾಳೆ ಹಾಕಿದರು. ‘೬ ಮಕ್ಕಳಿಗೆ ೫೪ ಪೆನ್ಸಿಲ್ ಹಂಚಿದರೆ ತಲಾ ಎಷ್ಟು?’ ಉತ್ತರ ಒಂಬತ್ತು. ಅವಸರದಲ್ಲಿ ಆರರ ಬಾಲ ತಪ್ಪು ಕಡೆಗೆ ತಿರುಗಿತ್ತು. ಯಾರೋ ಪುಣ್ಯಾತ್ಮರು ಅದನ್ನು ಒಂಬತ್ತೆಂದು ಓದಿ ಟೈಪ್ ಮಾಡಿದರು. ಉತ್ತರವನ್ನು ಹಾಗೇ ಬಿಟ್ಟರು. ಒಂಬತ್ತು ಮಕ್ಕಳಿಗೂ ತಲಾ ಒಂಬತ್ತು ಪೆನ್ಸಿಲ್! ಗುಂಪಿನಿಂದ ಗುಂಪಿಗೆ ಹಾರಿದ ಹಾಳೆ ಕೊನೆಗೆ ಪರೀಕ್ಷಾ ಕಚೇರಿಯ ಕಂಪ್ಯೂಟರ್ ಸೇರಿತು. ಎಲ್ಲ ಶಾಲೆಗೂ ಈಗ ಪ್ರಶ್ನೆ ಬರುವುದು ಅಲ್ಲಿಂದ, ಉತ್ತರ ಪತ್ರಿಕೆ ತಿದ್ದುವುದೂ ಅದೇ ಕಂಪ್ಯೂಟರ್. ಈ ಸಲ ಐವತ್ತನಾಲ್ಕನ್ನು ಒಂಬತ್ತರಿಂದ ಭಾಗಿಸಿ ಆರು ಎಂದು ಸರಿಯಾಗಿ ಬರೆದವರಿಗೆಲ್ಲ ಸೊನ್ನೆ ಬಿತ್ತು. ಟೀಚರ ಕ್ಲಾಸಿನ ಹುಡುಗಿಯೊಬ್ಬಳು ಒಂದೇ ಅಂಕದಿಂದ ಫೇಲಾದಳು. ಮರುಪರೀಕ್ಷೆಯಲ್ಲೂ ಹೋದರೆ ಇನ್ನೊಂದು ವರ್ಷ ಅದೇ ಬೆಂಚು.

ಟೀಚರ್ ಗುಂಪಿಗೆ ತಿದ್ದುಪಡಿ ಕಳಿಸಿದರು. ನಲವತ್ತು ಜನ ಕೈಮುಗಿದ ಚಿತ್ರ ಹಾಕಿದರು. ನಲವತ್ತೊಂದನೆಯವರು ಅದೇ ತಪ್ಪು ಹಾಳೆಯನ್ನು ‘ತುಂಬಾ ಉಪಯುಕ್ತ’ ಎಂದು ಮತ್ತೆ ಹಾಕಿದರು. ಟೀಚರ್ ತಲೆ ಚಚ್ಚಿಕೊಂಡು ಕಚೇರಿಗೇ ಹೋದರು.

‘ಹಾಳೆ ಮಾಡಿದವ್ರೇ ಬರೆದುಕೊಟ್ರೆ ಮಾತ್ರ ತಿದ್ದೋದು ಮೇಡಂ,’ ಎಂದ ಗುಮಾಸ್ತ.

‘ಮಾಡಿದ್ದು ನಾನೇ ಕಣಪ್ಪ.’

‘ನಿಮ್ಮ ಹೆಸರೆಲ್ಲಿದೆ ಇದ್ರಲ್ಲಿ? ಈ ಹಾಳೆ ನಮ್ದು ಅಂತ ಆಗ್ಲೇ ಹನ್ನೊಂದು ಜನ ಬರೆದುಕೊಟ್ಟಿದಾರೆ. ನೀವು ಹನ್ನೆರಡನೆಯವ್ರು.’

ಟೀಚರ್ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದರು.

ಮರುಪರೀಕ್ಷೆಯ ಹಿಂದಿನ ದಿನ, ಖಾಲಿ ಕ್ಲಾಸಿನಲ್ಲಿ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂಬತ್ತು ಮಕ್ಕಳ ಆ ಲೆಕ್ಕ ಕೊಟ್ಟರು. ಅವಳು ಬೆರಳು ಮಡಚಿ ಎಣಿಸಿ ಉತ್ತರ ಬರೆದಳು.

‘ನಾಳೆ ಇದು ಬಂದ್ರೆ ಒಂಬತ್ತು ಅಂತ ಬರಿ.’

‘ಆರಲ್ವಾ ಟೀಚರ್?’

‘ಹೌದು ಮಗಳೇ, ಆರೇ.’ ನಾಚಿಕೆಯಿಂದ ಟೀಚರಿಗೆ ಮುಖ ಎತ್ತಲಾಗಲಿಲ್ಲ. ‘ನೀನು ಒಂಬತ್ತು ಬರಿ.’

ಹುಡುಗಿ ರಬ್ಬರು ತೆಗೆದು, ತಾನು ಬರೆದಿದ್ದ ಆರನ್ನು ಉಜ್ಜಿ ಅಳಿಸಿದಳು.