ಮೆಣಸಿನಕಾಯಿಗೂ ಅಳದ ಕಣ್ಣು

ಬ್ಯಾಡಗಿ ಪೇಟೆಯಲ್ಲಿ ನಾನು ಸೀನಿದರೆ ಹಾವೇರಿಯಲ್ಲಿ ಬಸ್ಸು ನಿಲ್ಲುತ್ತದೆ. ಅಂಥ ನನಗೂ ಮೆಣಸಿನಕಾಯಿ ರಾಶಿಯ ಮುಂದೆ ಕಣ್ಣೀರು ತಡೆಯುವುದಿಲ್ಲ. ಆದರೆ ರಾಣೆಬೆನ್ನೂರಿನಿಂದ ಖರೀದಿಗೆ ಬಂದಿದ್ದ ಶಾಂತವ್ವ ಅದೇ ಘಾಟಿನಲ್ಲಿ ನಿಂತು ಒಂದು ಹನಿಯನ್ನೂ ಸುರಿಸಲಿಲ್ಲ. ಹಮಾಲರೆಲ್ಲ ಬೆರಗಾಗಿ ಆಕೆಯನ್ನೇ ನೋಡುತ್ತಿದ್ದರು. ಮೆಣಸಿನಕಾಯಿ ತಿನ್ನದೆಯೇ ನನ್ನ ಹೊಟ್ಟೆ ಉರಿಯಿತು. ನಾನೂ ಕಣ್ಣು ಮಿಟುಕಿಸದೆ ನಿಂತು ನೋಡಿದೆ. ಒಂದಿದ್ದ ಧಾರೆ ಎರಡಾಯಿತು.

“ಏನ್ ಗುಟ್ಟವ್ವಾ ಇದು?” ಎಂದು ಕೇಳಿಯೇಬಿಟ್ಟೆ.

“ಗುಟ್ಟು ಎಲ್ಲೀದ್ರಿ ಕಾಕಾ? ವರ್ಷಾತು, ಅತ್ರೂ ಕಣ್ಣೀರು ಬರಂಗಿಲ್ಲ. ಕಣ್ಣಾಗ ಉಸುಕು ಹೊಕ್ಕಂಗ ಆಗತೈತಿ. ನೀರು ಕುಡೀಲಾರದ ರೊಟ್ಟಿ ಗಂಟಲಾಗ ಇಳಿಯಂಗಿಲ್ಲ.”

ಉರಿ ಇಳಿದು ಅಂಜಿಕೆ ಬಂತು. ನಾನೇ ಆಕೆಯನ್ನು ಹಾವೇರಿಯ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. ಅವರು ರೆಪ್ಪೆಯಂಚಿಗೆ ಸಿಗಿಸಿದ ಕಾಗದದ ಪಟ್ಟಿ ಐದು ನಿಮಿಷವಾದರೂ ಒದ್ದೆಯಾಗಲಿಲ್ಲ. ರಕ್ತಪರೀಕ್ಷೆಯಾದ ಮೇಲೆ ತಿಳಿಯಿತು: ಮೈ ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಕಣ್ಣೀರು, ಜೊಲ್ಲಿನ ಗ್ರಂಥಿಗಳನ್ನು ಹಾಳುಮಾಡುತ್ತಿತ್ತು. ಅಪರೂಪದ ಕಾಯಿಲೆ, ಇನ್ನೂ ತಡವಾಗಿದ್ದರೆ ದೃಷ್ಟಿಗೇ ಕುತ್ತಂತೆ.

ಈಗ ಶಾಂತವ್ವ ಗಳಿಗೆಗೊಮ್ಮೆ ಕಣ್ಣಿಗೆ ಔಷಧದ ಹನಿ ಬಿಟ್ಟುಕೊಳ್ಳುತ್ತ ಪೇಟೆಗೆ ಬರುತ್ತಾಳೆ. ಮೊನ್ನೆ ನನ್ನ ಒದ್ದೆ ಕೆನ್ನೆ ನೋಡಿ, “ಪುಣ್ಯವಂತರ್ರಿ ಕಾಕಾ ನೀವು” ಎಂದು ನಿಟ್ಟುಸಿರು ಬಿಟ್ಟಳು.

ಇಡೀ ಜಿಲ್ಲೆಯಲ್ಲಿ ನನ್ನ ಮೇಲೆ ಹೊಟ್ಟೆಕಿಚ್ಚುಪಟ್ಟವಳು ಅವಳೊಬ್ಬಳೇ. ಅದೂ ನಾನು ಅಳುವುದಕ್ಕೆ.