ಅಕ್ಕನ ಕೈ, ಇನ್ಯಾರದೋ ದನಿ

ಇವತ್ತು ಯಾವ ಮನೆಯಲ್ಲಿ ಯಾರು ಆ ಕಾಳನ್ನು ನೆನೆಹಾಕಿದ್ದಾರೋ ಎಂಬ ಯೋಚನೆ ನನ್ನ ತಲೆಯಿಂದ ಇಳಿಯುತ್ತಲೇ ಇಲ್ಲ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ, ಮಗಳು ಪುಟ್ಟಿಯ ತಲೆ ಬಾಚುವಾಗ ಅದೇ. ಎಲ್ಲೋ ನನ್ನಂಥವಳೇ ಒಬ್ಬಳು ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟು, ಪರದೆಯ ಮೇಲೆ ಓಡಾಡುವ ಎರಡು ಕೈಗಳನ್ನು ನೋಡುತ್ತ, ಅವು ಮಾಡಿದ ಹಾಗೇ ಮಾಡುತ್ತಿರುತ್ತಾಳೆ. ಆ ಕೈಗಳು ನನ್ನ ಅಕ್ಕನವು.

ಮನೆಯಲ್ಲೇ ಸುಲಭವಾಗಿ ಮಾಡಬಹುದಾದ ಮೆಕ್ಸಿಕನ್ ರಾತ್ರಿಯೂಟ ಎಂದು ಸಾಲುಸಾಲು ವಿಡಿಯೋಗಳಿವೆ. ಬೆಣ್ಣೆಹಣ್ಣನ್ನು ಎರಡು ಹೋಳು ಮಾಡಿ ಬೀಜವನ್ನು ಹೂ ಎತ್ತಿದ ಹಾಗೆ ಎತ್ತುವ, ಟೊಮ್ಯಾಟೊ, ಈರುಳ್ಳಿ, ಕೊತ್ತಂಬರಿಯ ಮೇಲೆ ನಿಂಬೆ ಹಿಂಡಿ ಸಾಲ್ಸಾ ಕಲಸುವ, ತೆಳ್ಳಗಿನ ಟೋರ್ಟಿಯಾ ರೊಟ್ಟಿಯೊಳಗೆ ಕಾಳು, ಚೀಸ್ ಇಟ್ಟು ಹಸುಗೂಸಿಗೆ ಬಟ್ಟೆ ಸುತ್ತಿದಷ್ಟು ನಾಜೂಕಾಗಿ ಸುತ್ತುವ ಕೈಗಳು ಅವಳವು. ಮುಖ ಕಾಣುವುದಿಲ್ಲ. ದನಿಯೂ ಅವಳದಲ್ಲ. ಅದನ್ನು ಬೇರೆಲ್ಲೋ ಕೂತು, ಬೇರೊಂದು ದಿನ, ಬೇರೊಬ್ಬ ಹೆಂಗಸು ಓದುತ್ತಾಳೆ. ಅಕ್ಕ ಆಕೆಯ ಮುಖವನ್ನೇ ನೋಡಿಲ್ಲ.

ಅಪ್ಪ ತೀರಿಕೊಂಡಾಗ ನಾನಿನ್ನೂ ಅಕ್ಷರ ತಿದ್ದುತ್ತಿದ್ದೆ. ಅಕ್ಕ ಶಾಲೆ ಬಿಟ್ಟು ಬಟ್ಟೆ ಕಾರ್ಖಾನೆಗೆ ಗುಂಡಿ ಹೊಲಿಯಲು ಹೋದಳು. ನಾನು ಇಂಗ್ಲಿಷ್ ಶಾಲೆಗೂ ಆಮೇಲೆ ಕಾಲೇಜಿಗೂ ಹೋದದ್ದು ಆ ಗುಂಡಿಗಳ ಮೇಲೆಯೇ. ಕಾರ್ಖಾನೆಯಿಂದ ಬೇಕರಿಗೆ ಬಂದಳು, ಅಲ್ಲಿ ಕೇಕಿನ ಮೇಲೆ ಕ್ರೀಮಿನ ಗುಲಾಬಿ ಬಿಡಿಸುವ ಕೆಲಸ. ನಡುವೆ ಮದುವೆಯೂ ಆಯಿತು, ಹೇಳಿಕೊಳ್ಳುವಂಥದ್ದೇನಲ್ಲ. "ನಿನ್ನಲ್ಲಿ ನೋಡೋಕೆ ಅಂತ ಇರೋದು ಆ ಎರಡು ಕೈ ಮಾತ್ರ" ಅನ್ನುತ್ತಿದ್ದ ಮಹಾರಾಯ, ನೋಡುವುದಕ್ಕೆ ಬೇರೇನೋ ಹುಡುಕಿಕೊಂಡು ಹೊರಟುಹೋದ. ಅಷ್ಟರಲ್ಲಿ ಕೇಕಿನ ಜಾಹೀರಾತು ತೆಗೆಯಲು ಬೇಕರಿಗೆ ಬಂದಿದ್ದವರೊಬ್ಬರ ಕಣ್ಣಿಗೆ ಅವಳ ಬೆರಳುಗಳು ಬಿದ್ದವು. ಹೀಗೆ ಅಕ್ಕ ಸ್ಟುಡಿಯೋ ಸೇರಿದಳು. ಅಲ್ಲಿ ಅವಳ ಹೆಸರು ಯಾರಿಗೂ ಬೇಕಿರಲಿಲ್ಲ. ಎಲ್ಲರೂ ಕರೆಯುವುದು ‘ಕೈ ಅಮ್ಮ’ ಎಂದೇ.

ಕೈಗಳು ಕೆಲಸಕ್ಕೆ ಸೇರಿದ ಮೇಲೆ ಅಕ್ಕ ಆ ಕೈಗಳ ಆಳಾದಳು. ಬಳೆ, ಉಂಗುರ ಬಿಟ್ಟಳು. ಬಿಸಿಲಿಗೆ ಹೋದರೆ ಕೈಗವಸು, ಮಲಗುವಾಗ ಎಣ್ಣೆ ಹಚ್ಚಿ ಇನ್ನೊಂದು ಜೊತೆ. ಮನೆಯಲ್ಲಿ ಚಾಕು ಮುಟ್ಟುವುದಿಲ್ಲ, ಒಲೆ ಹಚ್ಚುವುದಿಲ್ಲ. ಅವಳ ಒಂಟಿ ಕೋಣೆಯ ಕಿಟಕಿಯ ಕಟ್ಟೆ ಮೇಲೆ ಬ್ರೆಡ್ಡು, ಬಾಳೆಹಣ್ಣು, ಹಾಲಿನ ಪ್ಯಾಕೆಟ್ಟು. ಲಕ್ಷ ಜನಕ್ಕೆ ಅಡುಗೆ ತೋರಿಸುವವಳ ರಾತ್ರಿಯೂಟ ಅದು.

"ಅಕ್ಕಾ, ಒಂದು ಹಿಡಿ ಅನ್ನನಾದ್ರೂ ಮಾಡ್ಕೊಳ್ಳೇ" ಅಂದರೆ, "ಹಬೆ ಬಡಿದು ಬೊಬ್ಬೆ ಬಂದ್ರೆ ನಾಳೆ ನಿನ್ನ ಕೈ ಕಳಿಸ್ಲಾ? ಆ ಹೆಬ್ಬೆರಳು ನೋಡ್ಕೋ, ಶುಂಠಿ ಕೊಂಬು ಇದ್ದ ಹಾಗಿದೆ" ಎಂದು ನಗುತ್ತಿದ್ದಳು. ನಮ್ಮಿಬ್ಬರಿಗೂ ಕೈ ಹೋಲುವುದಿಲ್ಲ, ದನಿ ಮಾತ್ರ ಒಂದೇ. ಅಮ್ಮ ಇದ್ದಾಗ ಫೋನಿನಲ್ಲಿ ನನ್ನನ್ನು ಅವಳೆಂದೂ ಅವಳನ್ನು ನಾನೆಂದೂ ಬೈದದ್ದುಂಟು.

ನನ್ನ ಮಗಳನ್ನು ಅಕ್ಕ ಎತ್ತಿಕೊಂಡದ್ದು ಕಡಿಮೆ, ಪರಚುತ್ತಾಳೆಂದು ಹೆದರಿಕೆ. ಪುಟ್ಟಿ ದೊಡ್ಡಮ್ಮನನ್ನು ಬೇರೆ ದಾರಿಯಲ್ಲಿ ಹಿಡಿದುಕೊಂಡಳು. ಊಟಕ್ಕೆ ಕೂತ ಕೂಡಲೇ "ದೊಡ್ಡಮ್ಮನ ಕೈ ಹಾಕು" ಅನ್ನುತ್ತಾಳೆ. ವಿಡಿಯೋ ಹಾಕಬೇಕು, ಆ ಕೈ ಸುತ್ತುತ್ತಿರಬೇಕು, ಆಗ ಇವಳ ಬಾಯಿ ತೆರೆಯುತ್ತದೆ. ಅನ್ನ ಕಂಡರೆ ಮುಖ ತಿರುಗಿಸುವ ಮಗು, ತರಕಾರಿ ಕಂಡರಂತೂ ಮನೆಯೇ ಹಾರಿಹೋಗುವ ಹಾಗೆ ಕಿರುಚುವ ಮಗು. ಆದ್ದರಿಂದ ಕೆಂಪು ಬೀನ್ಸ್, ಅಂದರೆ ರಾಜ್ಮಾ ಕಾಳನ್ನು ಟೋರ್ಟಿಯಾದಲ್ಲಿ ಮಡಚಿ ಮಾಡುವ ಟ್ಯಾಕೊದ ವಿಡಿಯೋ ಬಂದಾಗ, ದೊಡ್ಡಮ್ಮನ ಕೈಯಡುಗೆಯಾದರೆ ತಿಂದಾಳೆಂದು ನಾನೂ ಹೊರಟೆ.

ಆ ದನಿ ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡಿದೆ. ಕಾಳನ್ನು ಬಿಸಿನೀರಿನಲ್ಲಿ ನೆನೆಸು. ಟೊಮ್ಯಾಟೊ, ಜೀರಿಗೆಪುಡಿ ಹಾಕಿ ಬಾಣಲೆಯಲ್ಲಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಬಾಡಿಸು. "ಕಾಳು ತುಸು ಗಟ್ಟಿಯಾಗಿ ಹಲ್ಲಿಗೆ ಸಿಗಬೇಕು, ಅದೇ ಅಸಲಿ ಮೆಕ್ಸಿಕನ್ ರುಚಿ" ಎಂದಿತು ದನಿ. ಬಾಯಿಗೆ ಹಾಕಿಕೊಂಡರೆ ಕಟುಂ ಅಂದಿತು. ದಿನಾ ಮಾಡುವ ಅಡುಗೆಯಾಗಿದ್ದರೆ ಆಗಲೇ ಕುಕ್ಕರಿಗೆ ಸುರಿದು ಸೀಟಿ ಹೊಡೆಸಿರುತ್ತಿದ್ದೆ. ಕಂಡರಿಯದ ದೇಶದ ಊಟವಲ್ಲವೇ, ಹೀಗೇ ಇರುತ್ತದೇನೋ ಅಂದುಕೊಂಡೆ. ಆ ದೇಶದವರು ಕಾಳನ್ನು ಗಂಟೆಗಟ್ಟಲೆ ಬೆಣ್ಣೆಯಾಗುವ ತನಕ ಬೇಯಿಸುತ್ತಾರೆಂದು ಓದಿದ್ದು ಆಮೇಲೆ.

ತಟ್ಟೆಯ ಫೋಟೊ ಅಕ್ಕನಿಗೆ ಕಳಿಸಿ, ‘ಇವತ್ತು ನಿನ್ನ ಕೈಯಡುಗೆ’ ಎಂದು ಬರೆದೆ. ಕೆಂಪು ಹೃದಯವೊಂದು ಬಂತು.

ಪುಟ್ಟಿ ಎರಡು ಟ್ಯಾಕೊ ತಿಂದಳು, ನಾನು ಖುಷಿಪಟ್ಟೆ. ಬಣ್ಣದ ಪೆನ್ಸಿಲ್ ಹಿಡಿದು ಕೂತಿದ್ದವಳು "ಅಮ್ಮಾ, ಹೊಟ್ಟೆ" ಅಂದಳು. ಆಮೇಲೆ ವಾಂತಿ. ನಿಲ್ಲದ ವಾಂತಿ. ಕೊನೆಗೆ ಹಸಿರು ನೀರು. ಮಗುವನ್ನು ಎತ್ತಿಕೊಂಡು ಓಡಿದೆ. ಆಸ್ಪತ್ರೆಯಲ್ಲಿ ಆ ಸಣ್ಣ ಕೈಯಲ್ಲಿ ನರ ಸಿಗದೆ ನರ್ಸು ಮತ್ತೆ ಮತ್ತೆ ಚುಚ್ಚಿದಳು.

"ಏನು ತಿಂದಿತ್ತು ಮಗು?" ಎಂದರು ಡಾಕ್ಟರಮ್ಮ. ಹೇಳಿದೆ. "ಕುಕ್ಕರಲ್ಲಿ ಬೇಯಿಸಿದ್ರಾ?"

"ಇಲ್ಲ, ವಿಡಿಯೋದಲ್ಲಿ..."

"ಅಲ್ಲಮ್ಮಾ, ಓದಿದವರ ಹಾಗೆ ಕಾಣ್ತೀರಿ. ಕೆಂಪು ಬೀನ್ಸ್ ಹಸಿ ಇದ್ರೆ ನಂಜು. ಕೊತಕೊತ ಕುದಿದು ಮೆತ್ತಗಾದ್ರೆ ಮಾತ್ರ ಆ ನಂಜು ಹೋಗೋದು. ಸಣ್ಣ ಉರಿಯಲ್ಲಿ ಬಾಡಿಸಿದ್ರೆ ಹೋಗಲ್ಲ."

ಮಗು ಚೇತರಿಸಿಕೊಂಡಿತು. ಅದನ್ನು ಕರೆದುಕೊಂಡೇ ಅಕ್ಕನ ಕೋಣೆಗೆ ಹೋದೆ. ಅವಳು ಮಂಚದ ಮೇಲೆ ಕೂತು ಉಗುರಿಗೆ ಅರ ಹಾಕುತ್ತಿದ್ದಳು. ಪುಟ್ಟಿಯ ಕೈಮೇಲಿನ ನೀಲಿ ಕಲೆ ನೋಡಿ ಅರ ಕೆಳಗಿಟ್ಟಳು.

"ಆ ಕಾಳು ಬೆಂದಿತ್ತಾ ಅಕ್ಕಾ?"

"ಯಾವ ಕಾಳು?"

"ಗೊತ್ತಿಲ್ಲದವಳ ಥರ ಆಡ್ಬೇಡ."

ಅವಳು ಕಿಟಕಿ ಕಡೆ ತಿರುಗಿದಳು. "ಬೆಂದ ಕಾಳು ಕ್ಯಾಮೆರಾಕ್ಕೆ ಕೆಸರು ಥರ ಕಾಣುತ್ತೆ ಕಣೇ. ನೆನೆಸಿದ್ದು ಮಾತ್ರ ಹೊಳೆಯೋದು. ಅದನ್ನೇ ಬಾಣಲೆಗೆ ಹಾಕಿ ಆಡಿಸ್ತೀನಿ. ಶೂಟಿಂಗ್ ಮುಗಿದ ಮೇಲೆ ಕಸದ ಬುಟ್ಟಿಗೆ. ಅದನ್ನ ಯಾರೂ ತಿನ್ನಲ್ಲ."

"ನನ್ನ ಮಗಳು ತಿಂದಳು."

"ನೀನು ಕುಕ್ಕರಿಗೆ ಹಾಕಿರ್ತೀಯ ಅಂದ್ಕೊಂಡೆ. ಯಾರಾದ್ರೂ ಹಾಕ್ತಾರಪ್ಪ! ಇಷ್ಟು ಓದಿದೀಯ."

"ಓದಿದ್ದಕ್ಕೇ ಹೇಳಿದ ಹಾಗೆ ಮಾಡಿದ್ದು. ಫೋಟೊ ಕಳಿಸಿದಾಗ ಒಂದು ಮಾತು ಕೇಳೋಕಾಗ್ಲಿಲ್ವಾ ನಿನಗೆ? ಹೃದಯ ಕಳಿಸಿದೆಯಲ್ಲ, ಹೃದಯ!"

ಅಕ್ಕ ಅರ ಎತ್ತಿ ದಿಂಬಿನ ಕೆಳಗೆ ತಳ್ಳಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ದನಿ ಹಾಕಿದ ಮೇಲೆ ನೋಡಿದೆ. ಡೈರೆಕ್ಟರಿಗೆ ಹೇಳ್ದೆ ಕೂಡ. ಸಾರ್, ಹೀಗೆ ಮಾಡಿದ್ರೆ ಕಾಳು ಬೇಯಲ್ಲ ಅಂತ. ಅವನು ಎಲ್ಲರ ಮುಂದೆ, ‘ಅಮ್ಮಾ, ನಿಮ್ಮನ್ನ ಕರೆಸಿರೋದು ಕೈಗೆ, ಬಾಯಿಗಲ್ಲ’ ಅಂದ. ಎಲ್ಲರೂ ನಕ್ಕರು."

"ನೀನು?"

"ನಾನೂ ನಕ್ಕೆ. ಇನ್ನೇನ್ ಮಾಡ್ಲಿ?" ಎಡಗೈ ಮುಂದೆ ಚಾಚಿ ಹೆಬ್ಬೆರಳ ಬುಡ ತೋರಿಸಿದಳು. ಕಂದು ಮಚ್ಚೆ, ಹುರುಳಿಕಾಳಿನಷ್ಟು. "ಇದಕ್ಕೆ ಈಗಲೇ ಬಣ್ಣ ಮೆತ್ತುತ್ತಾರೆ. ಇನ್ನೊಂದು ಬಂದ್ರೆ ಬೇರೆ ಹುಡುಗೀನ ಕರೆಸ್ತಾರೆ. ಇಷ್ಟರಲ್ಲಿ ನೀನು ಗಲಾಟೆ ಎಬ್ಬಿಸಬೇಡ. ನಿನ್ನ ದಮ್ಮಯ್ಯ. ಮಗು ಹುಷಾರಾಯ್ತಲ್ಲ?"

ಪುಟ್ಟಿ ಅಷ್ಟು ಹೊತ್ತೂ ನೆಲದ ಮೇಲೆ ಕೂತು, ಹಳೆಯ ಪೇಪರು ಹರಿದು ಅದರೊಳಗೆ ಅಕ್ಕನ ಹಳೆಯ ಅಂಗಿ ಗುಂಡಿಗಳನ್ನಿಟ್ಟು ಸುತ್ತುತ್ತಿದ್ದಳು. ಥೇಟು ಅವಳ ದೊಡ್ಡಮ್ಮ. ಒಂದನ್ನು ತಂದು ಅಕ್ಕನ ಅಂಗೈಯಲ್ಲಿಟ್ಟಳು, "ತಿನ್ನು, ನಂಜಿಲ್ಲ." ಅಕ್ಕನ ಮುಖ ನೋಡಲಾಗಲಿಲ್ಲ.

ಗಲಾಟೆ ಎಬ್ಬಿಸಲಿಲ್ಲ. ವಿಡಿಯೋದ ಕೆಳಗೆ, ‘ಕಾಳನ್ನು ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿಕೊಳ್ಳಿ, ಇಲ್ಲದಿದ್ದರೆ ಮಕ್ಕಳಿಗೆ ಅಪಾಯ’ ಎಂದಷ್ಟೇ ಬರೆದೆ. ಅಳಿಸಿದರು. ಮತ್ತೆ ಬರೆದೆ, ಮತ್ತೆ ಅಳಿಸಿದರು. ಆಮೇಲೆ ಬರೆಯಲಿಕ್ಕೇ ಬಿಡಲಿಲ್ಲ. ನೋಡುವವರು ಮಾತ್ರ ಹೆಚ್ಚುತ್ತಲೇ ಹೋದರು. ‘ಎಂಥಾ ಚೆಂದದ ಕೈ!’ ಎಂದು ಬರೆಯುವವರೇ ಎಲ್ಲ. ನನ್ನ ಗಂಡ, "ಊರಿನ ಚಿಂತೆಯೆಲ್ಲ ನಿನಗೇ ಗುತ್ತಿಗೆ ಕೊಟ್ಟಿದಾರಾ? ಅಕ್ಕನ ಅನ್ನಕ್ಕೆ ಕಲ್ಲು ಹಾಕ್ಬೇಡ" ಅಂದರು. ಅವರ ಮಾತು ತಪ್ಪೆಂದು ಹೇಗೆ ಹೇಳಲಿ? ನಾನು ಉಂಡು ಬೆಳೆದದ್ದು ಅದೇ ಅನ್ನ.

ಇವತ್ತು ಬೆಳಿಗ್ಗೆ ಪುಟ್ಟಿಯನ್ನು ಶಾಲೆಗೆ ಬಿಟ್ಟು ಬಂದು ಮತ್ತೆ ತೆರೆದು ನೋಡಿದೆ. ಯಾರೋ ಒಬ್ಬಾಕೆ ಬರೆದಿದ್ದಳು: ‘ಸಂಜೆ ಮಗನ ಹುಟ್ಟುಹಬ್ಬ. ಅವನ ಕ್ಲಾಸಿನ ಮಕ್ಕಳೆಲ್ಲ ಬರ್ತಾರೆ. ಇದೇ ಮಾಡ್ತೀನಿ, ಕಾಳು ನೆನೆಹಾಕಿದ್ದಾಯ್ತು!’ ಕೆಳಗೆ ಚಾನೆಲ್ಲಿನವರ ಕೆಂಪು ಹೃದಯ.

ಆಕೆಗೆ ತಿಳಿಸಲು ನನಗೆ ದಾರಿಯಿರಲಿಲ್ಲ. ಆಪತ್ತಿಗಿರಲಿ ಎಂದು ಅಕ್ಕ ಯಾವತ್ತೋ ಕೊಟ್ಟಿದ್ದ ಸ್ಟುಡಿಯೋದ ನಂಬರಿತ್ತು. ಒತ್ತಿದೆ. ಡೈರೆಕ್ಟರೇ ಎತ್ತಿದ.

"ಸಾರ್, ನಿಮ್ಮ ಬೀನ್ಸ್ ಟ್ಯಾಕೊ ಮಾಡಿ ನನ್ನ ಮಗಳಿಗೆ ಡ್ರಿಪ್ ಹಾಕಿಸಬೇಕಾಯ್ತು. ಕಾಳು ಬೆಂದಿರಲಿಲ್ಲ. ಇವತ್ತು ಸಂಜೆ ಮಗನ ಹುಟ್ಟುಹಬ್ಬಕ್ಕೆ ಇದೇ ಮಾಡ್ತೀನಿ ಅಂತ ಕೆಳಗೆ ಒಬ್ಬರು ಬರೆದಿದಾರೆ, ಅವರಿಗೆ ಹೇಳಿ. ಆ ವಿಡಿಯೋ ತೆಗೀರಿ. ಈಗಲೇ."

"ಮೇಡಂ, ಲಕ್ಷ ಜನ ನೋಡಿದಾರೆ, ಯಾರೂ ಏನೂ ಹೇಳಿಲ್ಲ."

"ನಾನು ಹೇಳಿದ್ದೆ. ನೀವು ಅಳಿಸಿದ್ರಿ."

ಅವನು ದನಿ ತಗ್ಗಿಸಿದ. "ನಿಮ್ಮ ದನಿ ಎಲ್ಲೋ ಕೇಳಿದ ಹಾಗಿದೆಯಲ್ಲ. ನಮ್ಮ ಕೈ ಅಮ್ಮನ ಕಡೆಯವರಾ?"

ಅದೊಂದನ್ನು ನಾನು ಮರೆತೇಬಿಟ್ಟಿದ್ದೆ. ಅಲ್ಲ ಅಂದರೆ, ಯಾರೋ ಕಾಳು ಬೇಯಿಸಲು ಬಾರದವಳೆಂದು ಫೋನಿಡುತ್ತಾನೆ. ಸಂಜೆ ಅಷ್ಟೂ ಮಕ್ಕಳು ತಟ್ಟೆ ಹಿಡಿದು ಕೂರುತ್ತವೆ.

"ಹೌದು. ತಂಗಿ. ಕಾಳು ಬೇಯಲ್ಲ ಅಂತ ಅವಳು ನಿಮಗೆ ಮೊದಲೇ ಹೇಳಿದ್ದಳು. ಹೇಳಿದ ಮೇಲೂ ವಿಡಿಯೋ ಹಾಗೇ ಬಿಟ್ಟಿದೀರಿ ಅನ್ನೋದನ್ನ ನಾನು ಎಲ್ಲಿ ಬೇಕಾದ್ರೂ ನಿಂತು ಹೇಳ್ತೀನಿ."

ಅವನು ಉಸಿರು ಬಿಟ್ಟದ್ದು ಕೇಳಿಸಿತು. "ತೆಗೆಸ್ತೀನಿ. ಆ ಹುಟ್ಟುಹಬ್ಬದಾಕೆಗೂ ನೆನೆಹಾಕಿದ್ದನ್ನ ಚೆಲ್ಲೋಕೆ ಹೇಳಿಸ್ತೀನಿ, ಸರೀನಾ? ಹಾಗೇ, ನಾಳೆಯಿಂದ ಬರೋದು ಬೇಡ ಅಂತ ನಿಮ್ಮಕ್ಕನಿಗೂ ನೀವೇ ಹೇಳಿಬಿಡಿ. ಇಲ್ಲೇ ಇದ್ದಾರೆ."

ಚಾಕುವನ್ನು ಹಲಗೆಯ ಮೇಲಿಟ್ಟ ಸದ್ದು. ಕೈಗವಸಿನ ಸರಬರ. ಆಮೇಲೆ ನನ್ನದೇ ದನಿ ನನ್ನನ್ನು ಕೇಳಿತು:

"ಏನೇ? ಪುಟ್ಟಿ ಹುಷಾರಾಗಿದಾಳೆ ತಾನೇ?"