ಅತ್ತೆಗೆ ಕಟ್ಟಿಕೊಟ್ಟ ಬಿಸಿನೀರಿನ ಡ್ರಮ್ಮು

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ದಾಂಡೇಲಿಯ ಒಂದು ಕಾರ್ಖಾನೆಯಲ್ಲಿ ವೈರ್‌ಮನ್ ಆಗಿದ್ದೆ. ಮ್ಯಾಟ್ರಿಕ್ ಪಾಸು, ಜೇಬಿನಲ್ಲಿ ಟೆಸ್ಟರು, ಮೇಲೆ ಹೊಸ ಅಳಿಯ. ತಲೆ ನೆಟ್ಟಗಿರುವುದಾದರೂ ಹೇಗೆ? ಹೆಂಡತಿ ಬಾಣಂತನಕ್ಕೆಂದು ಹಳಿಯಾಳದ ತವರಿಗೆ ಹೋದಾಗ, ಗುಜರಿಯ ಕಬ್ಬಿಣದ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿಸಿ, ಬಸ್ಸಿನ ನೆತ್ತಿಯ ಮೇಲೆ ಹೇರಿಕೊಂಡು ಹೋದೆ. ಹಿತ್ತಲಿನ ಹುಣಸೆಮರದ ಕೆಳಗೆ ಇಟ್ಟಿಗೆಗಳ ಮೇಲೆ ಅದನ್ನು ಕೂರಿಸಿ, ಒಳಗೆ ನೀರು ಕಾಯಿಸುವ ರಾಡು ಇಳಿಬಿಟ್ಟೆ. ಕಾಲು ಚಾಚಿ ಕುತ್ತಿಗೆಯವರೆಗೆ ಮುಳುಗಬಹುದಿತ್ತು. ಹೊಗೆಯಿಲ್ಲ, ಕಟ್ಟಿಗೆಯಿಲ್ಲ. ಇಡೀ ಓಣಿ ನೋಡಲು ಬಂತು.

ಒಂದನ್ನು ಮಾತ್ರ ಮಾಡಲಿಲ್ಲ. ಕರೆಂಟು ಸೋರಿದರೆ ಅದು ನೆಲಕ್ಕಿಳಿದು ಹೋಗಲು ಅರ್ಥಿಂಗ್ ಬೇಕು. ಅದಕ್ಕೆ ಆಳದ ಗುಂಡಿ ತೋಡಬೇಕು. ನೆಲ ಕಲ್ಲಿನಂತಿತ್ತು, ಒಳಗೆ ಹೋಳಿಗೆ ಬೇಯುತ್ತಿತ್ತು. ಅರ್ಥಿಂಗಿಗೆ ಹೋಗಬೇಕಾದ ಮೂರನೆಯ ವಯರನ್ನು ಮಡಚಿ ಟೇಪು ಸುತ್ತಿ, "ಎಲ್ಲಾ ಪಕ್ಕಾ ಐತಿ. ಸ್ವಿಚ್ ಆರಿಸಿ ಇಳೀರಿ ಅಷ್ಟ" ಎಂದು ಕೈ ತೊಳೆದು ಎಲೆಯ ಮುಂದೆ ಕೂತೆ.

ಮುಂದಿನ ರಜೆಗೆ ಹೋದಾಗ ಅತ್ತೆ ಬಾಗಿಲಲ್ಲೇ ಹಿಡಿದರು. "ಅಳಿಯಂದಿರ, ಏನ್ ಮಾಡೀರೋ ಮಾರಾಯ್ರ! ಸ್ವಿಚ್ ಹಚ್ಚೇ ಇಟ್ಟು, ಡ್ರಮ್ಮಿನ ಅಂಚು ಹಿಡಿದು ಒಂದ್ ಕಾಲು ಹೊರಗಿನ ಕಲ್ಲಿನ ಮ್ಯಾಲ ಇಟ್ರ ಝುಮ್ಮ್ ಅಂತೈತ್ರಿ. ಮೊಣಕಾಲು ನೋವು ಮಂಗಮಾಯ!"

ಪಕ್ಕದ ಮನೆಯ ಅಜ್ಜಿ ಟವೆಲ್ಲು ಹೆಗಲಿಗೇರಿಸಿಕೊಂಡು ಪಾಳಿಗೆ ನಿಂತಿದ್ದಳು. "ನಮ್ಮ ಅಳಿಯನೂ ಅದಾನ, ತಿನ್ನಾಕ" ಎಂದಳು.

ನನಗೆ ಆ ಕ್ಷಣವೇ ತಿಳಿಯಿತು, ರಾಡಿನಿಂದ ಕರೆಂಟು ಸೋರುತ್ತಿದೆ ಎಂದು. ಆದರೆ ಎಲ್ಲರೂ ನನ್ನನ್ನು ಡಾಕ್ಟರನಂತೆ ನೋಡುತ್ತಿದ್ದರು. "ಅದೊಂದು ನಮೂನಿ ಟ್ರೀಟ್‌ಮೆಂಟ್ ರೀ" ಎಂದುಬಿಟ್ಟೆ. ಅಂದು ನನಗೆ ಒಂದು ಹೋಳಿಗೆ ಹೆಚ್ಚೇ ಬಿತ್ತು. ಶಿವನೇ, ಅದನ್ನೂ ತಿಂದೆ.

ಅದರ ಮರುವಾರ ಮಗಳು ಹುಟ್ಟಿದಳು. ನೋಡಲು ಹೋದವನಿಗೆ ಅತ್ತೆ ಸಂಭ್ರಮದಿಂದ ಹೇಳಿದರು: "ನಾಳೆ ಬಾಣಂತೀನ ಡ್ರಮ್ಮಿನಾಗ ಕೂಡಸ್ತೇನ್ರಿ. ಕೂಸಿಗೂ ಅದರಾಗ ನೀರು. ಈಗೀಗ ಭಾಳ ಜೋರ್ ಐತಿ, ನಿನ್ನೆ ನನ್ನ ಕೈ ಅಂಚಿಗೇ ಹಿಡಕೊಂಡಿತ್ತು!"

ಕುಡಿಯುತ್ತಿದ್ದ ಚಹಾ ಮೂಗಿಗೇರಿತು. ಲೋಟ ಇಟ್ಟವನೇ ಹೋಗಿ ಪ್ಲಗ್ಗು ಕಿತ್ತೆ. ಹಾರೆ ಹಿಡಿದು, ಅಂದು ತೋಡದೆ ಬಿಟ್ಟ ಅರ್ಥಿಂಗ್ ಗುಂಡಿಗೆ ಕೈ ಹಚ್ಚಿದೆ. ಆಳುದ್ದ ತೋಡಿ, ಪೈಪು ನಿಲ್ಲಿಸಿ, ಕರೆಂಟು ಸಲೀಸಾಗಿ ನೆಲಕ್ಕಿಳಿಯಲೆಂದು ಸುತ್ತ ಇದ್ದಲಿ ಮತ್ತು ಉಪ್ಪನ್ನು ಪದರ ಪದರವಾಗಿ ತುಂಬತೊಡಗಿದೆ. ಅತ್ತೆ ಬಗ್ಗಿ ನೋಡಿದರು.

"ದೃಷ್ಟಿ ತಗೀತೀರೇನ್ರಿ?"

"ಹೂಂನ್ರಿ" ಎಂದೆ. ಇನ್ನೊಂದು ಸುಳ್ಳು.

"ಬರೇ ಉಪ್ಪಿಗೆ ಹೋಗ್ತೈತೇನು?" ಎಂದು ಒಳಗೋಡಿ ಏಳು ಒಣಮೆಣಸಿನಕಾಯಿ, ಒಂದು ನಿಂಬೆಹಣ್ಣು ತಂದು ಗುಂಡಿಗೆ ಎಸೆದರು. ಹೆಂಡತಿ ಕಿಟಕಿಯಲ್ಲಿ ಕೂಸನ್ನು ಎತ್ತಿಕೊಂಡು ನಗುತ್ತಿದ್ದಳು. ಮಣ್ಣು ಮೆತ್ತಿದ ನಾನೂ ನಕ್ಕೆ.

ಪೈಪಿನಿಂದ ಡ್ರಮ್ಮಿಗೆ ದಪ್ಪ ವಯರು ಬಿಗಿದೆ. ಎಲ್ಲರನ್ನೂ ದೂರ ನಿಲ್ಲಿಸಿ ಸ್ವಿಚ್ ಒತ್ತಿದೆ. ಫಟ್! ಸೋರಿದ ಕರೆಂಟೆಲ್ಲ ನೆಲಕ್ಕೆ ನುಗ್ಗಿ ಫ್ಯೂಜು ಹಾರಿತು. ರಾಡನ್ನು ಎತ್ತಿ ನೋಡಿದರೆ ಅಡ್ಡಕ್ಕೆ ಬಿರುಕು. ಕಡ್ಡಿ ತೂರುವಷ್ಟು ಅಗಲ. ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಅತ್ತೆ ದಿನವೂ ಕಾಲಿಡುತ್ತಿದ್ದ ಕಲ್ಲದು.

ಪೇಟೆಯಿಂದ ಹೊಸ ರಾಡು ತಂದೆ. ಮರುದಿನ ನೀರು ಕಾಯಿಸಿ, ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕಿತ್ತು ಕೈಯಲ್ಲಿ ಹಿಡಿದುಕೊಂಡು ನಿಂತೆ. ಹೆಂಡತಿ, ಕೂಸು ಇಬ್ಬರ ಸ್ನಾನವೂ ಆಯಿತು. ಕೊನೆಗೆ ಅತ್ತೆ ಇಳಿದರು. ಅಂಚು ಹಿಡಿದರು, ಒಂದು ಕಾಲು ಹೊರಗಿನ ಕಲ್ಲಿಗೆ ಊರಿದರು. ಕಾದರು.

"ಝುಮ್ಮ್ ಎಲ್ಲಿ ಹೋತ್ರಿ?"

ನಾನು ಪ್ಲಗ್ಗಿನ ವಯರು ಸುತ್ತತೊಡಗಿದೆ.

"ಶಕ್ತಿ ಎಲ್ಲಾ ಮಗಳಿಗೆ ಕೊಟ್ಟು, ನನಗ ಬರೇ ಬಿಸಿನೀರು ಇಟ್ರ್ಯಾ? ಎಂಥಾ ಅಳಿಯನ್ನ ತಂದೆವ್ವಾ!"

ಹಿತ್ತಲೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಅತ್ತೆಯ ಮೊಣಕಾಲು ಮತ್ತೆ ನೋಯತೊಡಗಿತು. ತೀರಿಕೊಳ್ಳುವವರೆಗೂ, ಬಹಳ ವರ್ಷ, ನೋಯುತ್ತಲೇ ಇತ್ತು. ಅವರು ಕುಂಟುತ್ತ ಚಹಾ ತಂದುಕೊಟ್ಟಾಗಲೆಲ್ಲ ನಿಜ ಹೇಳಬೇಕೆನ್ನಿಸುತ್ತಿತ್ತು. ಹೇಳಲಿಲ್ಲ. ಚಹಾ ಕುಡಿದು ಲೋಟ ವಾಪಸು ಕೊಡುತ್ತಿದ್ದೆ.